ಹಾಲಿಗೆ ಕರ್ಮದ ಲೆಕ್ಕವೇಕೆ?

"ಯಾವ ಜನ್ಮದ ಪಾಪವೋ, ಇವಳಿಗೆ ಹಾಲೇ ಇಳೀತಿಲ್ಲ." ಹೆರಿಗೆ ವಾರ್ಡಿನಲ್ಲಿ ನರ್ಸಾಗಿ ದುಡಿದ ನನಗೆ ಈ ಮಾತು ಇಂದಿಗೂ ಸಂಕಟ ತರುತ್ತದೆ. ಆಡುವವರು ಕೆಟ್ಟವರಲ್ಲ, ಮೊಮ್ಮಗುವಿನ ಅಳು ಕೇಳಲಾರದ ಅಜ್ಜಿಯರು. ಆದರೂ ಹಸಿ ಬಾಣಂತಿಯ ಮೇಲೆ ಹಿಂದಿನ ಜನ್ಮದ ಭಾರ ಹೊರಿಸುವುದು ಯಾವ ಧರ್ಮ?

ಮೊದಲ ದಿನ ಬರುವುದು ಚಮಚದ ಲೆಕ್ಕದ ಗಿಣ್ಣುಹಾಲು. ಕೂಸಿನ ಪುಟ್ಟ ಹೊಟ್ಟೆಗೆ ಅಷ್ಟು ಸಾಕು. ಎದೆ ತುಂಬಿಕೊಳ್ಳಲು ಎರಡು ಮೂರು ದಿನ ಬೇಕು, ಸಿಸೇರಿಯನ್ ಆದವರಿಗೆ ಇನ್ನೂ ತುಸು ತಡ. ಅಷ್ಟರೊಳಗೆ ಬಾಟಲಿ ಬಂದರೆ ಕೂಸು ಎದೆ ಚೀಪುವುದು ಕಡಿಮೆಯಾಗುತ್ತದೆ, ಚೀಪದಿದ್ದರೆ ಹಾಲೂ ಹೆಚ್ಚುವುದಿಲ್ಲ. ಹಾಲನ್ನು ಹೊರದೂಡುವ ಆಕ್ಸಿಟೋಸಿನ್ ಹಾರ್ಮೋನಿಗೂ ನೋವು, ದಿಗಿಲು ತಡೆಯೊಡ್ಡುತ್ತವೆ. ಕಡೆಗೆ ಅಜ್ಜಿಯ ಮಾತೇ ನಿಜವೆಂಬಂತೆ ಕಾಣುತ್ತದೆ.

ಆ ಮಾತು ಕೇಳಿಸಿಕೊಂಡು ಗೋಡೆಯತ್ತ ತಿರುಗಿ ಮಲಗಿದ್ದ ಹುಡುಗಿಯೊಬ್ಬಳನ್ನು ಎಬ್ಬಿಸಿ ಕೂರಿಸಿ ಬೆನ್ನಿಗೆ ದಿಂಬು ಕೊಟ್ಟೆ. ಕೂಸಿನ ಹೊಟ್ಟೆ ಅವಳ ಹೊಟ್ಟೆಗೆ ತಾಗುವಂತೆ ತಿರುಗಿಸಿ, ಬಾಯಿ ಅಗಲ ತೆರೆದ ಕ್ಷಣ ತೊಟ್ಟಿನ ಸುತ್ತಲ ಕಪ್ಪು ಭಾಗವೂ ಒಳಗೆ ಹೋಗುವಂತೆ ಎದೆಗೆ ಹಿಡಿಸಿದೆ. ಸ್ವಲ್ಪ ಹೊತ್ತಿಗೆ ಗುಟುಕಿನ ಸದ್ದು. "ಕೇಳವ್ವ, ನುಂಗ್ತಿದೆ" ಎಂದೆ. ಅವಳು ಉಸಿರು ಬಿಗಿಹಿಡಿದು ಕೇಳಿದಳು. ಬಿಗಿದಿದ್ದ ಹೆಗಲು ಇಳಿಯಿತು.

ಹಾಲೂಡಿಸುವ ತಾಯಂದಿರ ಆತ್ಮವಿಶ್ವಾಸದ ಬಗ್ಗೆ ಕೆನಡಾದ ನರ್ಸಿಂಗ್ ಸಂಶೋಧಕಿ ಸಿಂಡಿ-ಲೀ ಡೆನ್ನಿಸ್ 1999ರಲ್ಲಿ ಬರೆದರು. ಅವರ ಪ್ರಕಾರ ಆ ವಿಶ್ವಾಸದ ಮೂಲಗಳು ನಾಲ್ಕು: ತಾನು ಮಾಡಿ ಕಂಡದ್ದು, ಬೇರೆಯವರು ಮಾಡುವುದನ್ನು ನೋಡಿದ್ದು, ಹತ್ತಿರದವರು ಹೇಳುವ ಧೈರ್ಯ, ಮೈಮನಸ್ಸಿನ ಸ್ಥಿತಿ. ಚೊಚ್ಚಲ ಬಾಣಂತಿಗೆ ಮೊದಲನೆಯದು ಇರುವುದೇ ಇಲ್ಲ. ಉಳಿದವು ಬಹುಪಾಲು ನಮ್ಮ ಕೈಯಲ್ಲಿವೆ. ಹಾಗಿರುವಾಗ ಆತ್ಮವಿಶ್ವಾಸ ಅವಳೊಬ್ಬಳ ಹೊಣೆ ಹೇಗಾದೀತು?

ಥೈರಾಯ್ಡ್ ತೊಂದರೆಯಿಂದಲೋ, ಹೆರಿಗೆಯಲ್ಲಿ ವಿಪರೀತ ರಕ್ತ ಹೋಗಿಯೋ ನಿಜಕ್ಕೂ ಹಾಲು ಸಾಲದವರಿದ್ದಾರೆ. ಧೈರ್ಯದ ಮಾತೊಂದರಿಂದಲೇ ಅವರಿಗೆ ಹಾಲು ಬರುವುದಿಲ್ಲ. ಅವರದೂ ಪಾಪವಲ್ಲ. ಭಾಗವತದಲ್ಲಿ ವಿಷ ಸವರಿಕೊಂಡು ಮೊಲೆಯೂಡಿಸಿದ ಪೂತನಿಗೂ ಕೃಷ್ಣ ತಾಯಿಯ ಗತಿಯನ್ನೇ ಕೊಟ್ಟ. ಕುರಾನಿನ ಎರಡನೇ ಅಧ್ಯಾಯ ಎರಡು ವರ್ಷ ಹಾಲೂಡಿಸಲು ಹೇಳುವಲ್ಲೇ, ಮಗುವಿನ ಕಾರಣಕ್ಕೆ ತಾಯಿಯನ್ನು ನೋಯಿಸಬಾರದೆಂದೂ ಹೇಳುತ್ತದೆ. ದೇವರೇ ಇಷ್ಟು ಉದಾರಿಯಾಗಿರುವಾಗ ನಾವೇಕೆ ಲೆಕ್ಕ ಕೇಳಬೇಕು?

ಬಾಣಂತಿ ನೋಡಲು ಹೋದಾಗ "ಹಾಲು ಸಾಲುತ್ತಾ?" ಎಂದು ದಯವಿಟ್ಟು ಕೇಳಬೇಡಿ. ಮೊದಲ ವಾರ ಕಳೆಯುವಷ್ಟರಲ್ಲಿ ಕೂಸು ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ಯುತ್ತಾ ತೂಕ ಏರುತ್ತಿದ್ದರೆ ಸಾಲುತ್ತಿದೆ ಎಂದೇ ಅರ್ಥ. ಇಲ್ಲವಾದರೆ ತಡಮಾಡದೆ ಡಾಕ್ಟರಿಗೆ ತೋರಿಸಿ.