ಎದುರಾಳಿಯಿಲ್ಲದ ಸತ್ಯಾಗ್ರಹ

ಸತ್ಯಾಗ್ರಹಕ್ಕೆ ಇಬ್ಬರು ಬೇಕು. ಹಟ ಹಿಡಿಯುವವನೊಬ್ಬ, ಮನಸ್ಸು ಬದಲಿಸಬೇಕಾದವನೊಬ್ಬ. ತಾನು ನೋವು ಉಂಡು ಎದುರಿನವನ ಅಂತಃಸಾಕ್ಷಿಯನ್ನು ಎಬ್ಬಿಸುವುದು ಗಾಂಧೀಜಿ ಹೇಳಿಕೊಟ್ಟ ಮಾರ್ಗ. ಎದುರಿಗೆ ಯಾರೂ ಇಲ್ಲದಿದ್ದರೆ? ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಾಫಿ ಸೀಮೆಗೆ ಇದು ಬರೀ ತತ್ವಶಾಸ್ತ್ರದ ಪ್ರಶ್ನೆಯಲ್ಲ. ಬೆಳೆಯನ್ನು ಮಂಡಳಿಗೇ ಒಪ್ಪಿಸಬೇಕಿದ್ದ ಪೂಲ್ ಪದ್ಧತಿಯ ಕಾಲದಲ್ಲಿ ಬೆಳೆಗಾರನ ದೂರಿಗೆ ಒಂದು ವಿಳಾಸವಿತ್ತು: ಕಾಫಿ ಮಂಡಳಿ. ಹಣ ತಡವಾದರೆ ಬೈಯಲು ಬೆಂಗಳೂರಿನಲ್ಲಿ ಒಂದು ಕಚೇರಿ, ಕುರ್ಚಿಯಲ್ಲಿ ಕೂತ ಅಧಿಕಾರಿ ಇದ್ದರು. 1989ರ ಜುಲೈನಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಕುಸಿಯಿತು. 1996ರ ಹೊತ್ತಿಗೆ ಇಲ್ಲಿ ಮಾರಾಟ ಪೂರ್ತಿ ಮುಕ್ತವಾಯಿತು. 2001ರಲ್ಲಿ ಜಾಗತಿಕ ಸರಾಸರಿ ಬೆಲೆ ಪೌಂಡಿಗೆ 46 ಸೆಂಟಿಗೂ ಕೆಳಗಿಳಿಯಿತು. ಅರೇಬಿಕಾದ ದರ ನ್ಯೂಯಾರ್ಕಿನಲ್ಲಿ, ರೋಬಸ್ಟಾದ್ದು ಲಂಡನ್ನಿನಲ್ಲಿ ನಿಗದಿಯಾಗುವಾಗ ಪಟ್ಟಣದ ವ್ಯಾಪಾರಿ ಬೆಳಿಗ್ಗೆ ಬಂದ ದರವನ್ನು ಓದಿ ಹೇಳುವವನಷ್ಟೇ. ಅವನ ಕೊರಳಪಟ್ಟಿ ಹಿಡಿದು ಪ್ರಯೋಜನವಿಲ್ಲ.

ಬಯಲುಸೀಮೆಯ ರೈತರಿಗೆ ಈ ತೊಡಕು ಅಷ್ಟಾಗಿ ಇರಲಿಲ್ಲ. ಅವರು ಮುಖವನ್ನು ಹುಡುಕಿಕೊಂಡರು. 1992ರ ಡಿಸೆಂಬರ್ 29ರಂದು ರಾಜ್ಯ ರೈತ ಸಂಘದವರು ಬಹುರಾಷ್ಟ್ರೀಯ ಕಂಪನಿ ಕಾರ್ಗಿಲ್‌ನ ಬೆಂಗಳೂರು ಕಚೇರಿಗೆ ನುಗ್ಗಿ ಕಡತಗಳನ್ನು ಬೀದಿಗೆ ತಂದು ಸುಟ್ಟರು. 1996ರ ಜನವರಿ 30ರಂದು, ಗಾಂಧೀಜಿ ಹತರಾದ ದಿನವೇ, ಕೆಎಫ್‌ಸಿ ಅಂಗಡಿಯ ಮೇಲೆ ದಾಳಿಯಾಯಿತು. ಜೀವಕ್ಕೆ ಕುಂದು ತಾರದೆ ವಸ್ತುವನ್ನು ನಾಶ ಮಾಡಿದರೆ ಅದು ಹಿಂಸೆಯಲ್ಲ ಎಂಬುದು ಸಂಘದ ನಾಯಕ ಎಂ.ಡಿ. ನಂಜುಂಡಸ್ವಾಮಿಯವರ ವಾದ. ಅದು ಅರ್ಧ ಮಾತ್ರ ನಿಲ್ಲುತ್ತದೆ. ಒಡೆದ ಗಾಜಿಗೆ ನೋವಾಗದು ನಿಜ, ಒಳಗೆ ಕೆಲಸಕ್ಕಿದ್ದ ಹುಡುಗನಿಗೆ ಹೆದರಿಕೆಯಾಗುತ್ತದೆ. ಹೆದರಿಸಿ ಒಪ್ಪಿಸಿದ್ದನ್ನು ಸತ್ಯ ಎನ್ನಲಾಗದು. 1998ರ ನವೆಂಬರಿನಲ್ಲಿ ಸಿಂಧನೂರು ತಾಲ್ಲೂಕಿನ ಹೊಲದಲ್ಲಿ ನಡೆದ ಮಾನ್ಸಾಂಟೊ ಹತ್ತಿಯ ದಹನ ಬೇರೆ ಜಾತಿಯದು. ಮುಂಚೆಯೇ ಸಾರಿ, ಪತ್ರಕರ್ತರನ್ನು ಕರೆದು, ಹೊಲದ ಒಡೆಯನಿಗೆ ನಷ್ಟ ತುಂಬಿಕೊಡುವ ಮಾತು ಕೊಟ್ಟು ಬೆಂಕಿಯಿಟ್ಟರು. ಬಚ್ಚಿಟ್ಟುಕೊಳ್ಳದಿರುವುದು ಸತ್ಯಾಗ್ರಹದ ಹಳೆಯ ನೇಮ, ಅದನ್ನು ಅಲ್ಲಿ ಪಾಲಿಸಿದ್ದರು.

ಕ್ಯಾಮೆರಾಗೆ ಈ ವ್ಯತ್ಯಾಸ ಕಾಣುವುದಿಲ್ಲ, ಅದಕ್ಕೆ ಎರಡೂ ಬೆಂಕಿಯೇ. 1999ರ ನವೆಂಬರ್ 30ರಂದು ಸಿಯಾಟಲ್ ನಗರದಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ವಿರುದ್ಧ ಸಾವಿರಾರು ಜನ ಬೀದಿಗಿಳಿದರು. ಅದರ ಬಗ್ಗೆ ಬಂದ ‘ದಿಸ್ ಈಸ್ ವಾಟ್ ಡೆಮಾಕ್ರಸಿ ಲುಕ್ಸ್ ಲೈಕ್’ (2000) ನೂರಕ್ಕೂ ಹೆಚ್ಚು ಜನ ಹಿಡಿದ ದೃಶ್ಯಗಳನ್ನು ಹೆಣೆದ ಸಾಕ್ಷ್ಯಚಿತ್ರ. 2007ರ ‘ಬ್ಯಾಟಲ್ ಇನ್ ಸಿಯಾಟಲ್’ ನಟರನ್ನಿಟ್ಟು ಮಾಡಿದ ಕಥಾಚಿತ್ರ. ಎರಡರಲ್ಲೂ ಪೊಲೀಸರ ಲಾಠಿ, ಅಶ್ರುವಾಯು ಮನಸ್ಸಿನಲ್ಲಿ ನಿಲ್ಲುತ್ತವೆ. ಯಾವ ಒಪ್ಪಂದದ ಯಾವ ಕಲಮು ಯಾರ ಅನ್ನ ಕಸಿಯಿತು ಎಂಬುದು ಹಿಂದೆ ಸರಿಯುತ್ತದೆ. ಕಾಫಿಯನ್ನೇ ಕುರಿತ ‘ಬ್ಲ್ಯಾಕ್ ಗೋಲ್ಡ್’ (2006) ಇಥಿಯೋಪಿಯಾದ ಬೆಳೆಗಾರರ ಜೊತೆ ನಡೆಯುತ್ತದೆ, ನಮ್ಮ ಬೆಟ್ಟಗಳಿಗೆ ಹತ್ತಿರದ್ದು. ಆದರೂ ನನ್ನ ಮಟ್ಟಿಗೆ ಈ ಸಂಕಟವನ್ನು ಸರಿಯಾಗಿ ಹಿಡಿದದ್ದು ಮೆರವಣಿಗೆಯ ಚಿತ್ರವೇ ಅಲ್ಲ. ಮೂಡಿಗೆರೆಯಲ್ಲಿ ತೋಟ ಮಾಡುತ್ತ ಬರೆದ ಪೂರ್ಣಚಂದ್ರ ತೇಜಸ್ವಿಯವರ ಕಥೆಯಿಂದ ಗಿರೀಶ ಕಾಸರವಳ್ಳಿ ಮಾಡಿದ ‘ತಬರನ ಕಥೆ’ 1986ರದು, ಜಾಗತೀಕರಣದ ಮಾತು ಇನ್ನೂ ನಮ್ಮಲ್ಲಿ ಹುಟ್ಟದ ಕಾಲದ್ದು. ತಬರ ಪಿಂಚಣಿಗಾಗಿ ಮೇಜಿನಿಂದ ಮೇಜಿಗೆ ಅಲೆಯುತ್ತಾನೆ. ಎಲ್ಲ ಮೇಜಿಗೂ ಒಂದು ಮುಖವಿದೆ, ತಪ್ಪು ಮಾತ್ರ ಯಾರದೂ ಅಲ್ಲ. ಕರ್ತೃವಿಲ್ಲದ ಕೇಡು ಹೇಗೆ ಕೊಲ್ಲುತ್ತದೆ ಎಂದು ತೋರಿಸಲು ಕಾಸರವಳ್ಳಿಯವರಿಗೆ ಒಂದು ಕಲ್ಲೂ ಬೇಕಾಗಲಿಲ್ಲ.

ಹಾಗಾದರೆ ಬೀದಿಯ ಹೋರಾಟ ದಂಡವೇ ಎಂದು ಕೇಳಬಹುದು. ಕುದುರೆಮುಖವನ್ನು ತೋರಿಸಬಹುದು. 1976ರಲ್ಲಿ ಇರಾನಿಗೆ ಅದಿರು ಕಳಿಸಲೆಂದೇ ಹುಟ್ಟಿದ ಗಣಿ ಅದು. ಕೊಳವೆಯಲ್ಲಿ ಪಣಂಬೂರಿಗೆ ಅದಿರು ಹರಿಯಿತು, ಭದ್ರೆಗೆ ಹೂಳು ಬಂತು. ಜನ ಬೀದಿಯಲ್ಲಿ ಕೂಗಿದರು, ಪರಿಸರಪ್ರಿಯರು ಸುಪ್ರೀಂ ಕೋರ್ಟಿಗೆ ಹೋದರು, 2005ರ ಡಿಸೆಂಬರ್ 31ಕ್ಕೆ ಗಣಿಗಾರಿಕೆ ನಿಂತಿತು. ಆ ಗೆಲುವು ನನ್ನ ಮಾತಿಗೇ ಪುಷ್ಟಿ ಕೊಡುತ್ತದೆ. ಅಲ್ಲಿ ಒಂದು ಕಂಪನಿ, ಒಂದು ಗುತ್ತಿಗೆ, ತೀರ್ಪು ಜಾರಿಯಾಗಬಲ್ಲ ಒಂದು ಜಾಗ ಇತ್ತು. ಬೆಲೆಗೆ ಗುತ್ತಿಗೆಯಿಲ್ಲ, ರದ್ದು ಮಾಡಲಾಗದು. ಅದರ ಮುಂದೆ ಕೂರುವ ಧರಣಿ ಮಾಡಬಹುದಾದ ಕೆಲಸ ಸಾಕ್ಷಿ ಹೇಳುವುದು. ಸಾಕ್ಷಿಗೆ ಮೊದಲ ಷರತ್ತು ತನ್ನ ಪಾಲನ್ನೂ ಹೇಳುವುದು.

ಇರಿಸುಮುರಿಸು ಶುರುವಾಗುವುದು ಇಲ್ಲೇ. 1994ರಲ್ಲಿ ಬ್ರೆಜಿಲ್ಲಿನ ತೋಟಗಳು ಹಿಮಕ್ಕೆ ಸುಟ್ಟಾಗ ಇದೇ ಮಾರುಕಟ್ಟೆ ಇಲ್ಲಿ ಹಣ ಸುರಿಯಿತು. ಅಲ್ಲಿನ ಬೆಳೆಗಾರನ ನಷ್ಟ ಇಲ್ಲಿನವನ ಸುಗ್ಗಿಯಾದಾಗ ಅದನ್ನು ಅನ್ಯಾಯವೆಂದು ಯಾರೂ ರಸ್ತೆ ತಡೆಯಲಿಲ್ಲ. ಸಣ್ಣ ಹಿಡುವಳಿದಾರನಿಗೆ ಈ ಲೆಕ್ಕ ಒಪ್ಪಿಸುವುದು ಕ್ರೌರ್ಯ, ಅವನ ಎರಡು ಮೂರು ಎಕರೆ ಸಾಲದಲ್ಲೇ ಇರುತ್ತದೆ ಎನ್ನುವ ಆಕ್ಷೇಪ ನ್ಯಾಯವಾದದ್ದು; ಲೆಕ್ಕ ದೊಡ್ಡ ತೋಟಗಳಿಂದಲೇ ಶುರುವಾಗಲಿ. ಆದರೆ ಲೈನ್ ಮನೆಯಲ್ಲಿರುವ ಕಾರ್ಮಿಕಳಿಗೆ ನ್ಯೂಯಾರ್ಕ್ ಕಾಣುವುದು ಧಣಿಯ ಮೂಲಕವೇ. ದರ ಬಿದ್ದಾಗ ಕೆಲಸದ ದಿನ ಕಡಿತವಾಗುವುದನ್ನು ಅವಳಿಗೆ ತಿಳಿಸುವುದು ತೋಟದ ಲೆಕ್ಕ ಬರೆಯುವ ರೈಟರ್. ಮಾರುಕಟ್ಟೆಗೆ ಮುಖವಿಲ್ಲ ಎಂದು ಧಣಿ ರಸ್ತೆಯಲ್ಲಿ ಕೂಗುವಾಗ, ಅವಳ ಮಟ್ಟಿಗೆ ಆ ಮುಖ ಇದೆ, ಕೂಗುತ್ತಲೂ ಇದೆ. ಸಾಲದ ಬಡ್ಡಿ ಮನ್ನಾ ಮಾಡಿ ಎಂಬ ಬೇಡಿಕೆಯ ಕೆಳಗೆ, ಒಳ್ಳೆಯ ದರದ ವರ್ಷಗಳಲ್ಲಿ ಕೂಲಿಗೂ ಪಾಲು ಕೊಡುತ್ತೇವೆ ಎಂದು ಒಂದು ಸಾಲು ಬರೆದರೆ ಚೌಕಾಸಿಯ ಬಲ ಕುಗ್ಗುತ್ತದೆ ಎಂದು ಬೆಳೆಗಾರರ ಸಂಘದ ಮುಖಂಡರು ಹೇಳಿಯಾರು. ಕುಗ್ಗಲೂಬಹುದು. ಆದರೆ ಆ ಸಾಲು ಬಿದ್ದ ದಿನ ಧರಣಿಯ ಎದುರಿಗೆ ಮನಸ್ಸು ಬದಲಿಸಬಲ್ಲ ಒಬ್ಬನಾದರೂ ಇರುತ್ತಾನೆ, ಧರಣಿ ಕೂತವನೇ.