ಕಾರಣ ಕೇಳುವುದು ಅಪರಾಧವೇ?

ಹಸುಗೂಸು ತೀರಿಕೊಂಡ ಮನೆಯಲ್ಲಿ ನಮ್ಮ ಜನ ಆಡುವ ಮಾತು ಸಾಮಾನ್ಯವಾಗಿ ಒಂದೇ: ‘ಅದರ ಋಣ ಅಷ್ಟೇ ಇತ್ತು.’ ದುಃಖದಲ್ಲಿ ಬೇಯುತ್ತಿರುವ ತಾಯಿಗೆ ಆ ಮಾತು ಒಂದಿಷ್ಟು ತಂಪನ್ನು ಕೊಡುವುದುಂಟು. ಅದನ್ನು ನಾವು ಹೀಗಳೆಯಲಾರೆವು. ಆದರೆ ಅದೇ ಮನೆಯಲ್ಲಿ ಎರಡನೆಯ ಕೂಸೂ ಅದೇ ವಯಸ್ಸಿನಲ್ಲಿ, ಅದೇ ಲಕ್ಷಣಗಳಿಂದ ತೀರಿಕೊಂಡಾಗಲೂ ಅದೇ ಮಾತನ್ನಾಡಿ ಎದ್ದು ಬರುವುದು ಧರ್ಮವೇ? ಕಾರಣವನ್ನು ಕೇಳುವುದು ದೈವಸಂಕಲ್ಪದ ವಿಷಯದಲ್ಲಿ ಅಧಿಕಪ್ರಸಂಗವೋ, ಕೇಳದಿರುವುದು ಕರ್ತವ್ಯಲೋಪವೋ? ಈ ಪ್ರಶ್ನೆಯನ್ನು ವಾಚಕರ ಮುಂದಿಡಲು ನಮಗೆ ಸ್ವಂತದ ಕಾರಣವೊಂದಿದೆ.

1996ರ ಸುಮಾರಿನಲ್ಲಿ ಕೃಷ್ಣರಾಜಪೇಟೆ ತಾಲ್ಲೂಕಿನ ಹಳ್ಳಿಯೊಂದಕ್ಕೆ ಬಿನ್ನಹಕ್ಕೆಂದು ಹೋಗಿದ್ದೆವು. ಪಾದಪೂಜೆ ಮುಗಿದ ಮೇಲೆ ಒಬ್ಬ ಬಾಣಂತಿ ಇಪ್ಪತ್ತು ದಿನದ ಕೂಸನ್ನು ತಂದು ಮುಂದೆ ಮಲಗಿಸಿದಳು. ಕಣ್ಣು ಗುಳಿಬಿದ್ದಿತ್ತು, ನೆತ್ತಿ ಕುಸಿದಿತ್ತು. ಹುಟ್ಟಿದ ಮೂರನೆಯ ದಿನದಿಂದ ಬೇಧಿ; ಅದೂ ಎಷ್ಟು ನೀರಾಗಿತ್ತೆಂದರೆ ಮನೆಯವರು ಮೊದಲಲ್ಲಿ ಅದನ್ನು ಮೂತ್ರವೆಂದೇ ತಿಳಿದಿದ್ದರು. ಹಿಂದಿನ ಗಂಡುಕೂಸೂ ಹೀಗೆಯೇ ಹೋಗಿತ್ತು. ‘ಇವಳ ಹಾಲೇ ಸರಿಯಿಲ್ಲ, ಬುದ್ಧೀ’ ಎಂದು ಆಕೆಯ ಅತ್ತೆ ಹೇಳಿದರು. ಅತ್ತೆಯೆಂದರೆ ಬೇರೆ ಯಾರೂ ಅಲ್ಲ, ಆಕೆಯ ತಾಯಿಯ ತಾಯಿ. ಹುಡುಗಿಯನ್ನು ಸೋದರಮಾವನಿಗೇ ಕೊಟ್ಟಿತ್ತು. ನಾವು ಆಗ ವಿಶ್ವವಿದ್ಯಾನಿಲಯದಿಂದ ಹೊರಬಂದ ಹೊಸತು. ಹಳ್ಳಿಗರ ದೃಷ್ಟಿ, ಬಾಲಗ್ರಹಗಳ ಮಾತಿಗಿಂತ ನಮ್ಮದು ಮೇಲೆಂಬ ಭಾವನೆಯಿಂದ, ಭಸ್ಮವಿಟ್ಟು, ‘ಸಕ್ಕರೆ-ಉಪ್ಪಿನ ನೀರನ್ನು ಧಾರಾಳವಾಗಿ ಕುಡಿಸಿ, ಗ್ಲೂಕೋಸ್ ಕೊಡಿ’ ಎಂದು ಅಪ್ಪಣೆಮಾಡಿ ಬಂದೆವು. ಅವರು ಭಕ್ತಿಯಿಂದ ಹಾಗೆಯೇ ಮಾಡಿದರು. ಒಂಬತ್ತನೆಯ ದಿನ ಕೂಸು ತೀರಿಕೊಂಡಿತು.

ಆ ಕೂಸಿಗೆ ಇದ್ದ ರೋಗ ಯಾವುದೆಂದು ಇಂದು ಯಾರೂ ಹೇಳಲಾರರು. ಆದರೆ ಬಹಳ ವರ್ಷಗಳ ಮೇಲೆ ವೈದ್ಯಮಿತ್ರರೊಬ್ಬರು ಒಂದು ವಿರಳ ರೋಗದ ವಿಷಯ ವಿವರಿಸಿದಾಗ ನಮ್ಮ ಎದೆ ಧಸಕ್ಕೆಂದಿತು. ತಾಯಿಯ ಹಾಲಿನಲ್ಲಿರುವ ಸಕ್ಕರೆ ಕರುಳಿನಲ್ಲಿ ಗ್ಲೂಕೋಸ್ ಮತ್ತು ಗ್ಯಾಲಕ್ಟೋಸ್ ಎಂದು ಎರಡಾಗಿ ಒಡೆಯುತ್ತದೆ. ಇವೆರಡನ್ನೂ ಒಳಕ್ಕೆ ಬಿಟ್ಟುಕೊಳ್ಳಲು ಕರುಳಿನ ಗೋಡೆಯಲ್ಲಿ ಒಂದು ಬಾಗಿಲುಂಟು. ಗ್ಲೂಕೋಸ್ ತನ್ನೊಡನೆ ಉಪ್ಪಿನ ಸೋಡಿಯಂ ಅಂಶವನ್ನೂ ಕರೆದುಕೊಂಡು ಅದರ ಮೂಲಕ ಒಳಹೋದರೆ ನೀರು ಅವುಗಳನ್ನು ಹಿಂಬಾಲಿಸುತ್ತದೆ. 1971ರಲ್ಲಿ ಬಂಗಾಳದ ಬನಗಾಂವ್‌ನ ನಿರಾಶ್ರಿತರ ನಡುವೆ ಕಾಲರಾ ಹಬ್ಬಿದಾಗ ಡಾ. ದಿಲೀಪ್ ಮಹಲನಬಿಸ್ ಅವರು ಉಪ್ಪು-ಗ್ಲೂಕೋಸಿನ ನೀರನ್ನು ಕುಡಿಸಿ ಅಸಂಖ್ಯ ಜೀವಗಳನ್ನು ಉಳಿಸಿದ್ದು ಈ ಬಾಗಿಲಿನ ಬಲದಿಂದಲೇ. ಅತಿ ವಿರಳವಾಗಿ ಕೆಲವು ಶಿಶುಗಳಲ್ಲಿ ಈ ಬಾಗಿಲೇ ಹುಟ್ಟಿನಿಂದ ಕೆಟ್ಟಿರುತ್ತದೆ. ಒಳಹೋಗದ ಸಕ್ಕರೆ ಕರುಳಿನಲ್ಲೇ ನಿಂತು ದೇಹದ ನೀರನ್ನು ಹೊರಕ್ಕೆ ಸೆಳೆಯುತ್ತದೆ. ಆಗ ತಾಯಿಯ ಹಾಲು, ಜೇನು, ರಾಗಿಯ ಸರಿ, ಗಂಜಿ, ಕೊನೆಗೆ ಆ ಜೀವರಕ್ಷಕ ನೀರು ಸಹ ಬೇಧಿಯನ್ನು ಹೆಚ್ಚಿಸುತ್ತವೆ. ಪಾಂಡವಪುರ, ಶ್ರೀರಂಗಪಟ್ಟಣಗಳ ಕಬ್ಬಿನ ಸೀಮೆಯ ಜನಕ್ಕೆ ಸಕ್ಕರೆ ನಂಜಾಗುವುದೆಂದರೆ ನಂಬುವುದು ಕಷ್ಟ. ಬಸವಣ್ಣನವರು ತಾಯ ಹಾಲೇ ನಂಜಾಗುವ ದುರ್ಗತಿಯನ್ನು ಒಂದು ವಚನದಲ್ಲಿ ದೃಷ್ಟಾಂತವಾಗಿ ತಂದಿದ್ದಾರೆ. ಅದು ಅಕ್ಷರಶಃ ನಡೆಯುವ ಸಂಗತಿಯೂ ಹೌದೆಂದು ನಾವು ಎಣಿಸಿರಲಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ಸಾಮಾನ್ಯ ಬೇಧಿಯಲ್ಲಿ ತಾಯಿಯ ಹಾಲನ್ನಾಗಲಿ ಉಪ್ಪು-ಸಕ್ಕರೆಯ ನೀರನ್ನಾಗಲಿ ಯಾರೂ ನಿಲ್ಲಿಸಕೂಡದು; ಅವೇ ಪ್ರಾಣಾಧಾರ. ನಾವು ಹೇಳುತ್ತಿರುವುದು ಹುಟ್ಟಿದ ಮೊದಲ ದಿನಗಳಲ್ಲೇ ಆರಂಭವಾಗಿ ಯಾವುದಕ್ಕೂ ಬಗ್ಗದ ಬೇಧಿಯ ವಿಷಯ.

1962ರಲ್ಲಿ ಸ್ವೀಡನ್ ಮತ್ತು ಫ್ರಾನ್ಸಿನ ವೈದ್ಯರು ಈ ರೋಗವನ್ನು ಮೊದಲು ಗುರುತಿಸಿದರು. ಇದರ ಪರಿಹಾರ ಆಶ್ಚರ್ಯವಾಗುವಷ್ಟು ಸರಳ. ಹಣ್ಣಿನ ಸಕ್ಕರೆಯಾದ ಫ್ರಕ್ಟೋಸಿಗೆ ಕರುಳಿನಲ್ಲಿ ಬೇರೆಯೇ ಬಾಗಿಲುಂಟು. ಆ ಒಂದೇ ಸಕ್ಕರೆಯಿಂದ ಸಿದ್ಧಪಡಿಸಿದ ಆಹಾರವನ್ನು ಕೊಟ್ಟರೆ ಬೇಧಿ ನಿಂತು ಕೂಸು ಬೆಳೆಯುತ್ತದೆ. ಆದರೆ ರೋಗವನ್ನು ಹೆಸರಿಸಿದ ಮೇಲೆ ತಾನೇ ಪರಿಹಾರ?

ಹೆಸರಿಸುವ ಮೊದಲ ಹೆಜ್ಜೆಗೆ ದೊಡ್ಡ ಯಂತ್ರಗಳು ಬೇಕಾಗಿಲ್ಲ. ತರ್ಕಶಾಸ್ತ್ರ ಓದಿದವರಿಗೆ ಅನ್ವಯ-ವ್ಯತಿರೇಕ ಪರಿಚಿತ: ಇದು ಇದ್ದಾಗ ಅದು ಇದ್ದು, ಇದು ಇಲ್ಲದಾಗ ಅದೂ ಇಲ್ಲವಾದರೆ ಇದೇ ಅದಕ್ಕೆ ಕಾರಣ. ಆಸ್ಪತ್ರೆಯಲ್ಲಿ, ವೈದ್ಯರ ಕಣ್ಣೆದುರಿನಲ್ಲೇ, ರಕ್ತನಾಳದ ಮೂಲಕ ದ್ರವವನ್ನು ಕೊಡುತ್ತ, ಕೂಸಿಗೆ ಬಾಯಿಂದ ಆಹಾರ ಕೊಡುವುದನ್ನು ಸ್ವಲ್ಪ ಕಾಲ ನಿಲ್ಲಿಸಿ ನೋಡುತ್ತಾರೆ. ಬೇಧಿ ನಿಂತರೆ ದೋಷ ಆಹಾರದ ಯಾವುದೋ ಅಂಶವನ್ನು ಹೀರುವುದರಲ್ಲಿದೆ. ನಿಲ್ಲದಿದ್ದರೆ ಕರುಳೇ ನೀರನ್ನು ಸುರಿಸುತ್ತಿದೆ. ಮಲದಲ್ಲಿ ಸಕ್ಕರೆಯೆಷ್ಟು, ಲವಣವೆಷ್ಟು ಎಂಬ ಪರೀಕ್ಷೆ ಮುಂದಿನದು. ಲವಣದ ಕ್ಲೋರೈಡ್ ಅಂಶ ಮಿತಿಮೀರಿದ್ದು, ಬಸುರಿನಲ್ಲಿ ಗರ್ಭಜಲವೂ ಅತಿಯಾಗಿದ್ದರೆ ಅದು ಮತ್ತೊಂದು ವಂಶಾಗತ ರೋಗ. ಅಂಥ ಕೂಸಿಗೆ ಲವಣವನ್ನು ಅಳತೆಯಿಂದ ಬಾಳಿನುದ್ದಕ್ಕೂ ಕೊಟ್ಟರೆ ಬದುಕುತ್ತದೆ. ಕರುಳಿನ ಒಳಪದರವೇ ಸರಿಯಾಗಿ ರೂಪುಗೊಳ್ಳದ ಕ್ರೂರವಾದ ರೋಗಗಳೂ ಉಂಟು. ಅವಕ್ಕೆ ಕರುಳಿನ ತುಣುಕನ್ನು ತೆಗೆದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಕಡೆಯ ನಿರ್ಣಯ ವಂಶವಾಹಿಯ ಪರೀಕ್ಷೆಯದು. ಮಂಡ್ಯದಲ್ಲಿ, ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ ವೈದ್ಯಕೀಯ ಕಾಲೇಜುಗಳಿರುವ ಈ ದಿನಗಳಲ್ಲಿ ಮೊದಲ ಹೆಜ್ಜೆಗೆ ನಮ್ಮವರು ದೂರ ಹೋಗಬೇಕಿಲ್ಲ.

ಇನ್ನು ದೂಷಣೆಯ ಮಾತು. ಇಂಥ ರೋಗಕ್ಕೆ ಕೆಟ್ಟ ವಂಶವಾಹಿ ತಂದೆಯಿಂದ ಒಂದು, ತಾಯಿಯಿಂದ ಒಂದು ಬಂದು ಕೂಡಬೇಕು. ಇಬ್ಬರೂ ಆರೋಗ್ಯವಂತರಾಗಿಯೇ ಇರುತ್ತಾರೆ. ಪ್ರತಿ ಬಸುರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಹೀಗಿರುವಲ್ಲಿ ಸೊಸೆಯ ಹಾಲನ್ನೂ ಕಾಲ್ಗುಣವನ್ನೂ ಹಳಿಯುವುದು ಅಜ್ಞಾನ ಮಾತ್ರವಲ್ಲ, ಹಿಂಸೆ. ಆ ಅಜ್ಜಿ ಮೊಮ್ಮಗಳನ್ನು ದೂಷಿಸುತ್ತಿದ್ದಾಗ, ಆ ದೋಷ ಆಕೆಯಿಂದಲೋ ಆಕೆಯ ಗಂಡನಿಂದಲೋ ಎರಡು ದಾರಿಯಲ್ಲಿ ಇಳಿದು ಬಂದು ತೊಟ್ಟಿಲಲ್ಲಿ ಕೂಡಿದ್ದಿರಬಹುದು. ನಾವು ಬೆಡಗು ನೋಡುತ್ತೇವೆ, ಗೋತ್ರ ನೋಡುತ್ತೇವೆ. ಅಕ್ಕನ ಮಗಳ ಬೆಡಗು ಬೇರೆಯೆಂದು ಒಪ್ಪುತ್ತೇವೆ. ಬೆಡಗು ತಂದೆಯ ಕಡೆಯ ಲೆಕ್ಕ. ರಕ್ತ ಎರಡು ಕಡೆಯದನ್ನೂ ಲೆಕ್ಕವಿಡುತ್ತದೆ. 1980ರಿಂದ 1989ರವರೆಗೆ ಕರ್ನಾಟಕದಲ್ಲಿ ಲಕ್ಷಕ್ಕೂ ಮಿಕ್ಕ ವಿವಾಹಗಳನ್ನು ಪರಿಶೀಲಿಸಿದ ಅಧ್ಯಯನವೊಂದರಲ್ಲಿ ಹೆಚ್ಚುಕಡಮೆ ಮೂರನೆಯ ಒಂದು ಭಾಗ ರಕ್ತಸಂಬಂಧದೊಳಗಿನವೇ ಆಗಿದ್ದವು. ಇಂಥ ಮದುವೆಗಳ ಹೆಚ್ಚಿನ ಮಕ್ಕಳು ಆರೋಗ್ಯವಂತರೇ. ನಾಲೆಯ ಕೆಳಗಿನ ಗದ್ದೆ ಮನೆಯಲ್ಲೇ ಉಳಿಯಲೆಂಬ ಆಸೆಯೂ, ಮಗಳು ನಂಬಿದವರ ಕೈಯಲ್ಲಿರಲೆಂಬ ಆಸೆಯೂ ಅರ್ಥವಾಗದವುಗಳಲ್ಲ. ಆದರೆ ಒಂದು ಕೂಸು ಹೀಗೆ ಹೋದ ಮನೆಯಲ್ಲಿ ಮತ್ತೆ ಕಣ್ಣುಮುಚ್ಚಿ ಅದೇ ಸಂಬಂಧ ಬೆಳೆಸುವುದಕ್ಕೆ ಕ್ಷಮೆಯಿಲ್ಲ.

‘ಗುಣವಾಗದ ರೋಗವಾದರೆ ಹೆಸರು ತಿಳಿದು ಆಗುವುದೇನು? ಸಾಯುತ್ತಿರುವ ಕೂಸಿಗೆ ಸೂಜಿ ಚುಚ್ಚುವುದು ನಿರ್ದಯೆಯಲ್ಲವೇ?’ ಎಂದು ಕೇಳುವವರುಂಟು. ಈ ಆಕ್ಷೇಪಕ್ಕೆ ತೂಕವಿದೆ. ತಾಯಿಯ ಮಡಿಲಿನಿಂದ ಕೂಸನ್ನು ಎತ್ತಿಕೊಂಡು ಪರೀಕ್ಷೆಯ ಮೇಲೆ ಪರೀಕ್ಷೆ ನಡೆಸುವ ಕುತೂಹಲವನ್ನು ನಾವು ಸಮರ್ಥಿಸುವುದಿಲ್ಲ. ಆದರೆ ಕಾಗದದ ಮೇಲೆ ಒಣಗಿಸಿಟ್ಟ ಕೆಲವು ಹನಿ ರಕ್ತದಿಂದ ಮುಂದೊಂದು ದಿನ ಕಾರಣ ತಿಳಿಯಬಹುದು; ಮುಂದಿನ ಕೂಸು ಹುಟ್ಟಿದ ದಿನವೇ ಸರಿಯಾದ ಆಹಾರ ಕಾದಿರಬಹುದು. ನಮ್ಮ ಪದ್ಧತಿಯಂತೆ ಮಣ್ಣಿಗಿಟ್ಟ ದೇಹವನ್ನು ಆಮೇಲೆ ಪ್ರಶ್ನೆ ಕೇಳುವಂತಿಲ್ಲ. ಇನ್ನೊಂದು ಭಯ ನಮ್ಮನ್ನೂ ಕಾಡುತ್ತದೆ. 2023ರಲ್ಲಿ ಮಂಡ್ಯ ಸೀಮೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟು ಭ್ರೂಣ ಹೆಣ್ಣೋ ಗಂಡೋ ಎಂದು ನೋಡುತ್ತಿದ್ದುದು ಬಯಲಾಯಿತು. ಅರಿವು ಇಂಥ ಕೈಗಳಿಗೂ ಸಿಕ್ಕುತ್ತದೆ. ಅದಕ್ಕೆ ಕಾವಲು ಬೇಕು, ಕಾನೂನು ಬೇಕು. ಅದಕ್ಕಾಗಿ ತೊಟ್ಟಿಲಿನ ಕೂಸನ್ನು ಅಜ್ಞಾನಕ್ಕೆ ಒಪ್ಪಿಸಲಾಗದು. 2021ರ ವಿರಳ ರೋಗಗಳ ರಾಷ್ಟ್ರೀಯ ನೀತಿ ನಾವು ಮೊದಲು ಹೇಳಿದ ಸಕ್ಕರೆಯ ರೋಗವನ್ನು ತನ್ನ ಪಟ್ಟಿಯಲ್ಲಿ ಹೆಸರಿಸಿದೆ. ಬೆಂಗಳೂರಿನ ಮಾನವ ತಳಿಶಾಸ್ತ್ರ ಕೇಂದ್ರ ಮತ್ತು ಇಂದಿರಾಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಗಳನ್ನು ಕೂಡಿಸಿ ಇಂಥ ರೋಗಗಳ ಉನ್ನತ ಕೇಂದ್ರವಾಗಿ ಗುರುತಿಸಿದೆ.

ಕಳೆದ ಕಾರ್ತಿಕದಲ್ಲಿ ಆ ತಾಯಿ ಮಠಕ್ಕೆ ಬಂದಿದ್ದಳು. ತಲೆ ನರೆತಿತ್ತು. ಆಮೇಲೆ ಹುಟ್ಟಿ ಉಳಿದ ಒಬ್ಬಳೇ ಮಗಳಿಗೆ ತನ್ನ ತಮ್ಮನ ಮಗನನ್ನು ನೋಡಿದ್ದು, ಆಶೀರ್ವಾದ ಬೇಕೆಂದಳು. ಆಶೀರ್ವದಿಸಲು ಎತ್ತಿದ ಕೈ ಅಲ್ಲೇ ನಿಂತಿತು. ಹೋದ ಎರಡು ಕೂಸುಗಳ ವಿಷಯವನ್ನು ಮೊದಲ ಬಾರಿಗೆ ಕೇಳಿದೆವು: ಎಷ್ಟನೆಯ ದಿನ ಬೇಧಿ ಶುರುವಾಯಿತು, ಬಸುರಿನಲ್ಲಿ ಹೊಟ್ಟೆ ಮಿತಿಮೀರಿ ದೊಡ್ಡದಿತ್ತೇ, ಹಾಲು ಬಿಡಿಸಿದ ಹೊತ್ತಿನಲ್ಲಿ ಬೇಧಿ ನಿಂತಿತ್ತೇ? ಆಕೆ ಒಂದೊಂದಕ್ಕೂ ನಿನ್ನೆಯದೆಂಬಂತೆ ಉತ್ತರ ಕೊಟ್ಟಳು. ಆಸ್ಪತ್ರೆಯವರು ಒಂದು ರಾತ್ರಿ ಹಾಲು ಬಿಡಿಸಿ ಬಾಟಲಿ ಹಾಕಿದ್ದಾಗ ಬಟ್ಟೆ ಒಣಗಿಯೇ ಇತ್ತಂತೆ. ಎಲ್ಲ ಹೇಳಿ ಮುಗಿಸಿ, ‘ಅವತ್ತೇ ಕೇಳ್ಬೌದಿತ್ತಲ್ಲ, ಬುದ್ಧೀ’ ಎಂದಳು.

ಸತ್ತ ಕೂಸುಗಳ ರಕ್ತವಿಲ್ಲದಿದ್ದರೂ ತಂದೆತಾಯಿಯರ ರಕ್ತದಿಂದ ಹುಡುಕುವ ದಾರಿಯೊಂದುಂಟು; ಕಷ್ಟದ್ದು, ಆದರೆ ಉಂಟು. ಲಗ್ನಪತ್ರಿಕೆ ಇನ್ನೂ ಬರೆಸಿಲ್ಲ. ಗಂಡ, ಹೆಂಡತಿ, ಮಗಳು, ಆ ಹುಡುಗ, ನಾಲ್ವರೂ ಬರುವ ಸೋಮವಾರ ಬೆಂಗಳೂರಿಗೆ ಹೊರಟಿದ್ದಾರೆ.