*ರಜೆ ಯಾರ ಅಪ್ಪಣೆ?*



ಇಂಗ್ಲಿಷಿನ ‘ಹಾಲಿಡೇ’ ಮೂಲದಲ್ಲಿ ‘ಪವಿತ್ರ ದಿನ’. ನಮ್ಮ ‘ರಜೆ’ ಅರಬ್ಬಿ ಮೂಲದ್ದು. ಅರ್ಥ ಒಪ್ಪಿಗೆ, ಅಪ್ಪಣೆ. ಅಂದರೆ ಧಣಿ ಒಪ್ಪಿದರಷ್ಟೇ ಬಿಡುವು. ಜೀತಕ್ಕಿದ್ದ ನಮ್ಮ ಹಿರಿಯರಿಗೆ ಆ ಅಪ್ಪಣೆಯೂ ಸುಲಭವಿರಲಿಲ್ಲ.

ಫುಲೆಯವರ ಒಡನಾಡಿ ನಾರಾಯಣ ಮೇಘಾಜಿ ಲೋಖಂಡೆ ಹೋರಾಡಿ, 1890ರಲ್ಲಿ ಮುಂಬಯಿಯ ಗಿರಣಿ ಕಾರ್ಮಿಕರಿಗೆ ಭಾನುವಾರದ ರಜೆ ತಂದರು. ಬಾಬಾಸಾಹೇಬರು ವೈಸರಾಯ್ ಮಂಡಳಿಯ ಕಾರ್ಮಿಕ ಸದಸ್ಯರಾಗಿದ್ದಾಗ, 1945ರ ತಿದ್ದುಪಡಿಯಿಂದ ಕಾರ್ಖಾನೆ ಕಾರ್ಮಿಕರಿಗೆ ಸಂಬಳಸಹಿತ ರಜೆ ಸಿಕ್ಕಿತು. ಅಪ್ಪಣೆ ಹಕ್ಕಾಯಿತು.

ಸಿಗಾಲೋವಾದ ಸುತ್ತದಲ್ಲಿ ಬುದ್ಧರು, ಆಳುಗಳಿಗೆ ಸಕಾಲದಲ್ಲಿ ಬಿಡುವು ಕೊಡುವುದು ಯಜಮಾನನ ಕರ್ತವ್ಯ ಎಂದಿದ್ದಾರೆ. ಇಂದು ನಮ್ಮಲ್ಲೂ ಕೆಲವರು ಯಜಮಾನರು. ಮನೆಗೆಲಸಕ್ಕೆ ಬರುವ ಅಕ್ಕ ಒಂದು ದಿನ ಬಾರದಿದ್ದರೆ ಸಂಬಳ ಹಿಡಿಯುತ್ತೇವೆಯೇ? ಹಾಗಿದ್ದರೆ ಅವರ ಪಾಲಿಗೆ ನಾವೂ ಹಳೆಯ ಧಣಿಗಳೇ.

ಭವತು ಸಬ್ಬ ಮಂಗಲಂ 🙏